ಐದನೆಯ ಮುಳ್ಳು

ಕಾಕಾಸಾಹೇಬರು ಇನ್ನೊಂದು ಬಾಟಲಿಯ ಮುಚ್ಚಳ ತಿರುವಿ ಒಳಗಿನ ಹಸಿರು ನೀರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿಯುತ್ತಿದ್ದಾಗ, ಉಜ್ವಲಾ ಗಂಡನ ಹೆಣದ ಪಕ್ಕದಿಂದೆದ್ದು ಹಿತ್ತಿಲಿಗೆ ಬಂದರು.

"ಭಾವಾರ, ಏನ ಮಾಡಾಕತ್ತೀರಿ?"

"ಸೂತಕದ ಮನ್ಯಾಗ ನಿಂತ ನೀರು ಇಟ್ಟಕೋಬಾರದವಾ. ಕೊಡದ್ದು, ಹಂಡೇದ್ದು ಎಲ್ಲಾ ಚೆಲ್ಲೇನಿ. ಕಿಡಕ್ಯಾಗ ಇವೊಂದಿಷ್ಟು ಉಳದಿದ್ದು."

ಗಡಹಿಂಗ್ಲಜದ ಆ ಸಣ್ಣ ಮನೆಯ ಮುಂದೆ ಚಟ್ಟ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿದರು. ಹೆಂಡತಿ ಒಮ್ಮೆಯೂ ಬಾಯಿಬಿಟ್ಟು ಅಳಲಿಲ್ಲವಲ್ಲ ಎಂದು ನೆರೆಯ ಹೆಂಗಸರು ಬೆಳಗಿನಿಂದ ಗುಸುಗುಸು ಮಾತಾಡಿಕೊಂಡಿದ್ದರು. ಈಗ ಉಜ್ವಲಾರ ದನಿ ಬೀದಿಯವರೆಗೂ ಕೇಳಿಸಿತು.

"ಇಪ್ಪತ್ತೆರಡ ವರ್ಷ ಈ ಹೊಲಸ ಬಾಟ್ಲಿಗೋಳ ಜೋಡಿ ಸಂಸಾರ ಮಾಡೇನ್ರಿ ನಾನು. ಚೆಲ್ಲೂದಿದ್ರ ನಾನ ಚೆಲ್ಲತಿದ್ದೆ. ನಿಮಗ ಯಾರ ಹೇಳಿದ್ರು?"

"ಅಲ್ಲವಾ, ಪದ್ಧತಿ..."

"ಪದ್ಧತಿ ನನಗ ಹೇಳಬ್ಯಾಡ್ರಿ. ನೀರಾಗ ಜೀವ ಅದಾವಂತ ಅರಬಿ ಕಟ್ಟಿ ಸೋಸಿ ಕುಡಿಯೋ ಜೈನ ಮಂದಿ ನಾವು. ಅವನ್ನ ಒಣಾ ಕಲ್ಲಿನ ಮ್ಯಾಲ ಸುರವಿ ಪದ್ಧತಿ ಅಂತೀರಲ್ಲ!"

ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಕಾಕಾಸಾಹೇಬರು ತಮ್ಮ ಒದ್ದೆ ಕೈಯನ್ನೊಮ್ಮೆ ನೋಡಿಕೊಂಡು, ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು.

ಅದೇ ಹೊತ್ತಿಗೆ ಕೊಲ್ಹಾಪುರದ ಬಸ್ಸಿಳಿದು ಶುಭಾಂಗಿ ಬಂದಳು. ತೀರಿಕೊಂಡ ತಮ್ಮಣ್ಣ ಊರ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಜವಾನರಾಗಿದ್ದವರು. ಹುಡುಗರ ಬಾಯಲ್ಲಿ ಮಾಮಾ. ಅವರು ತೊಳೆದಿಟ್ಟ ಗಾಜಿನಲ್ಲೇ ಕಲಿತ ಶುಭಾಂಗಿ ಈಗ ಕೊಲ್ಹಾಪುರದಲ್ಲಿ ಅದೇ ವಿಷಯ ಕಲಿಸುತ್ತಾಳೆ. ಹೆಣದ ಪಾದ ಮುಟ್ಟಿ ಕಣ್ಣೊರೆಸಿಕೊಂಡವಳು ಹಿತ್ತಿಲಿಗೆ ಬಂದು ಪಿಸುಗುಟ್ಟಿದಳು.

"ಮಾಮಿ, ನೂರಾ ಹದಿನಾಲ್ಕು ಎಲ್ಲೈತಿ?"

"ನೀನೂ ಬಂದ್ಯಾ? ಅವರನ್ನ ಇನ್ನೂ ಎತ್ತಿಲ್ಲವಾ, ಅಷ್ಟ್ರಾಗ ಬಾಟ್ಲಿ!"

ಬೈದರೂ ಉಜ್ವಲಾ ತಾವೇ ಬಗ್ಗಿ ಹುಡುಕಿದರು. ೧೧೪ ಎಂದು ಚೀಟಿ ಅಂಟಿಸಿದ ಬಾಟಲಿ ಕಲ್ಲಿನ ಬುಡದಲ್ಲಿ ಅಡ್ಡ ಬಿದ್ದಿತ್ತು. ಖಾಲಿ.

*

ಆರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಉಜ್ವಲಾರ ತಂಗಿಯ ಮಗಳ ಮದುವೆಗೆಂದು ಅವರೆಲ್ಲ ಚಂದಗಡಕ್ಕೆ ಹೊರಟಿದ್ದರು. ದಾರಿಯಲ್ಲಿ ಕೆಂಪು ಕಲ್ಲಿನ ಬಯಲಿಗೆ ಬಂದಾಗ ತಮ್ಮಣ್ಣ ಗಾಡಿ ನಿಲ್ಲಿಸಿದರು. ರಸ್ತೆಯ ಬದಿಗೆ ಒಂದು ಕಣದಷ್ಟಗಲದ ಹೊಂಡ. ಹೊಸ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದರು; ಕುಡಿಯುವ ನೀರಿನ ಸ್ಟೀಲ್ ಬಾಟಲಿ ಬರಿದು ಮಾಡಿ ಹೊಂಡದ ನೀರು ತುಂಬಿಕೊಂಡರು. ಚಂದಗಡ ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ಊಟದ ಪಂಕ್ತಿಯಲ್ಲಿ ಬೀಗರೊಬ್ಬರು ಬಾಯಾರಿ ಆ ಬಾಟಲಿ ಎತ್ತಿದಾಗ ತಮ್ಮಣ್ಣ ಹಾರಿಬಿದ್ದು ಕಸಿದುಕೊಂಡರು. ತಂಗಿ ಎರಡು ವರ್ಷ ಮಾತು ಬಿಟ್ಟಳು.

"ಒಂದ ಹನಿ ನೀರಿನ ಸಲುವಾಗಿ ನನ್ನ ತವರ ಮನಿ ಕಳದ್ರಿ," ಎಂದು ಉಜ್ವಲಾ ಹೇಳಿದಾಗ ಅವರು, "ಹನ್ಯಾಗ ಎಷ್ಟ ಮಂದಿ ಅದಾರ ಗೊತ್ತೈತೇನು?" ಎಂದಿದ್ದರು.

ಆ ಅಕ್ಕರೆ ತಮ್ಮಣ್ಣನವರಿಗೆ ತಾಯಿ ಮಾಣಿಕಬಾಯಿಯಿಂದ ಬಂದದ್ದು. ಶಿರೋಳದ ಕಡೆಯ ಹೊಲದ ಬಾವಿಯಲ್ಲಿ ನೀರು ಸೋಸಿದ ಮೇಲೆ ಮಾಣಿಕಬಾಯಿ ಅರಿವೆಯನ್ನು ಮಗುಚಿ, ಅದರಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಇಳಿಸುತ್ತಿದ್ದರು. ಯಾರನ್ನು ಇಳಿಸುತ್ತಿದ್ದಾರೆ ಎಂದು ಮಗನಿಗೆ ಕಾಣುತ್ತಿರಲಿಲ್ಲ. ಕಾಣಲು ಅವರಿಗೆ ಮೂವತ್ತು ವರ್ಷ ಬೇಕಾಯಿತು. ಕಾಲೇಜು ಮೂಲೆಗೆಸೆದಿದ್ದ ಸೂಕ್ಷ್ಮದರ್ಶಕವೊಂದನ್ನು ಕೇಳಿ ತಂದು, ಬಿಚ್ಚಿ, ಎಣ್ಣೆ ಹಾಕಿ, ಊಟದ ಮೇಜಿನ ಮೇಲೆ ಸ್ಥಾಪಿಸಿದರು.

ಚಂದಗಡದ ದಾರಿಯ ನೀರಿನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೋಶದ ಪಾಚಿ. ಸೊಂಟದಲ್ಲಿ ಕೂಡಿಕೊಂಡ ಎರಡು ಹಸಿರು ಅರ್ಧಗಳು; ಒಂದೊಂದು ಅರ್ಧದ ಅಂಚಿಗೂ ಐದೈದು ಮುಳ್ಳು. ಗೊತ್ತಿದ್ದ ಜಾತಿಗೆ ನಾಲ್ಕೇ. ಶುಭಾಂಗಿ ಎರಡು ವರ್ಷ ಪುಸ್ತಕ ತಿರುವಿದಳು, ತಿಳಿದವರಿಗೆ ಚಿತ್ರ ಕಳಿಸಿದಳು. ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಹೊಸ ಜಾತಿಯೆಂದು ವರ್ಣನೆ ಬರೆದು, ತನ್ನ ಹೆಸರಿಗಿಂತ ಮೊದಲು ತಮ್ಮಣ್ಣನವರ ಹೆಸರು ಹಾಕಿ, ಒಪ್ಪಿಗೆ ಕೇಳಲು ಬಂದಳು.

"ಆ ಹೊಂಡದ ನೀರಿನ ಗುಣಕ್ಕ ಐದನೇದು ಮೂಡಿರಬಹುದು," ಎಂದರು ತಮ್ಮಣ್ಣ. "ಬ್ಯಾರೆ ನೀರಾಗ ಬೆಳಸಿ ನೋಡೂಣು."

"ಮಾಮಾ, ಇಷ್ಟ ಯಾರೂ ಕೇಳಂಗಿಲ್ರಿ."

"ನಾ ಕೇಳಾಕತ್ತೇನಲ್ಲ."

ಮಳೆನೀರು ಕುದಿಸಿ ಆರಿಸಿ ಬೆಳೆಸಿದ ಮೊದಲ ಬಾಟಲಿ ಸತ್ತಿತು. ಎರಡನೆಯದೂ ಸತ್ತಿತು. ಅಷ್ಟರಲ್ಲಿ ರಸ್ತೆ ಅಗಲವಾಗಿ ಹೊಂಡ ಗರಸು ಮಣ್ಣಿನಡಿ ಮುಚ್ಚಿಹೋಯಿತು. ಶುಭಾಂಗಿಯ ಹತ್ತಿರ ಔಷಧಿಯಲ್ಲಿ ಇಟ್ಟ ಸತ್ತ ಮಾದರಿ ಇತ್ತು. ಜೀವಂತ ಉಳಿದದ್ದು ಹೊಂಡದ ನೀರು ತುಂಬಿದ್ದ, ಅಡುಗೆಮನೆಯ ಬಡಗಣ ಕಿಟಕಿಯ ನೂರಾ ಹದಿನಾಲ್ಕು ಮಾತ್ರ. ಪ್ರತಿ ವರ್ಷ ಶುಭಾಂಗಿ ಬಂದು, ವರ್ಣನೆ ಅಚ್ಚಿಗೆ ಕಳಿಸೋಣವೆಂದು ಜಗಳವಾಡಿ ಹೋಗುತ್ತಿದ್ದಳು. ಪ್ರತಿ ವರ್ಷ ತಮ್ಮಣ್ಣ ನಗುತ್ತ, "ಬರೋ ಮಳಿಗಾಲಕ್ಕ ಕಳಸೂಣಂತ," ಎನ್ನುತ್ತಿದ್ದರು.

*

ಹತ್ತು ಗಂಟೆಗೆ ಗಂಡಸರು ಹೆಣ ಎತ್ತಿಕೊಂಡು ಹೋದರು. ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಶುಭಾಂಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಗಾಜಿನ ಒಳಮೈಗೆ ತೆಳ್ಳಗೆ ಹಸಿರು ಅಂಟಿಕೊಂಡಿತ್ತು.

"ಮಾಮಿ, ನೋಡ್ಲೇನ್ರಿ? ಇವತ್ತ ನೋಡಬಾರದು ಅಂದ್ರ..."

"ನೋಡು. ಇನ್ನ ನಿನ್ನ ತಡಿಯವರ ಯಾರ ಅದಾರ?"

ನಾಲ್ಕು ಹನಿ ನೀರು ಬಿಟ್ಟು, ಗಾಜು ತೊಳೆದು, ಆ ನೀರನ್ನು ಅವಳು ಮಸೂರದ ಕೆಳಗಿಟ್ಟಳು. ಜಯಸಿಂಗಪುರದಿಂದ ಬಂದಿದ್ದ ಮಗಳು ಹರ್ಷದಾ ಅಪ್ಪನ ನೋಟುಬುಕ್ಕು ತೆರೆದಳು. ಮರಾಠಿಯಲ್ಲಿ ಬರೆದಿದ್ದ ಕೊನೆಯ ಪುಟಕ್ಕೆ ಕಳೆದ ಭಾನುವಾರದ ತಾರೀಖಿತ್ತು. ಅದನ್ನವಳು ಅವ್ವನಿಗೆ ಕನ್ನಡದಲ್ಲಿ ಹೇಳಿದಳು.

"ನೂರಾ ಹದಿನಾಲ್ಕಕ್ಕ ಮಳಿನೀರ ಹಾಕೇನಿ. ಹೊಸಾ ನೀರಾಗ ಐದ ಕಂಡಂಗ ಆಗ್ತೈತಿ. ಕಣ್ಣಿಗೆ ಪೊರಿ ಬಂದೈತಿ, ನಂಬಾಕ ಆಗೂದಿಲ್ಲ. ಇನ್ನೊಬ್ಬರು ಎಣಿಸಬೇಕು. ಉಜ್ವಲಾಗ ಪುರಸೊತ್ತಿಲ್ಲ."

"ಬರದಾರ ನೋಡ, ಪುರಸೊತ್ತಿಲ್ಲಂತ!" ಉಜ್ವಲಾ ಸಿಡಿದರು. "ಕರದಿದ್ರ ಬರತಿದ್ದಿಲ್ಲೇನ ನಾನು?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ಕರದಿದ್ರು," ಎಂದರು. "ರೊಟ್ಟಿ ಹೊತ್ತತಾವು, ಹೋಗ್ರಿ ಅತ್ತಾಗ ಅಂದಿದ್ದೆ."

ಬಹಳ ಹೊತ್ತಿನ ಮೇಲೆ ಶುಭಾಂಗಿ ತಲೆಯೆತ್ತಿದಳು. "ಜೀವಂತ ಅದಾವ್ರಿ, ಮಾಮಿ. ಒಂದು ಒಡದು ಎರಡ ಆಗಾಕತ್ತೈತಿ. ಒಂದೊಂದಕ್ಕೂ ಹಳೇ ಅರ್ಧ ಹಂಗ ಉಳೀತೈತಿ, ಇನ್ನೊಂದ ಅರ್ಧ ಹೊಸದಾಗಿ ಬೆಳೀತೈತಿ. ಆ ಹೊಸಾದಕ್ಕ ಎಷ್ಟ ಮುಳ್ಳ ಅನ್ನೂದ ಪ್ರಶ್ನೆ. ನಾಲ್ಕ ಇದ್ರ ಹೊಂಡದ ನೀರಿನ ಗುಣ, ಐದ ಇದ್ರ ಜಾತೀನ ಹೊಸಾದು. ನೀವ ಎಣಸ್ರಿ."

"ಹುಚ್ಚಿ ಅದಿ ಏನ? ಕಲ್ತಾಕಿ ನೀನು."

"ನಾ ಎಣಸಿದ್ರ ಮಾಮಾ ಒಪ್ಪೂದಿಲ್ರಿ. ಆರು ವರ್ಷದಿಂದ ನನಗ ಐದ ಬೇಕಾಗ್ಯಾವು. ನಿಮಗ ಎಷ್ಟಿದ್ರೂ ಅಷ್ಟ."

ಉಜ್ವಲಾ ಕುರ್ಚಿಯ ತುದಿಗೆ ಕೂತರು. ಆ ಮೇಜಿನ ಒಂದು ಮೂಲೆಯಲ್ಲಿ ಅವರು ಇಪ್ಪತ್ತೆರಡು ವರ್ಷ ತಾಟು ಹಿಡಿಸಿಕೊಂಡು ಉಂಡಿದ್ದರು. ಆ ಕೊಳವೆಗೆ ಒಮ್ಮೆಯೂ ಕಣ್ಣಿಟ್ಟಿರಲಿಲ್ಲ. ಮೊದಲು ಕಂಡದ್ದು ತಮ್ಮದೇ ರೆಪ್ಪೆಗೂದಲು. "ಏನೂ ಕಾಣವಲ್ದು, ಹಾಳಾದ್ದು," ಎಂದು ಬೈದುಕೊಂಡರು. ಶುಭಾಂಗಿ ಹಿಂದೆ ನಿಂತು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಉಜ್ವಲಾರ ಬೆನ್ನು ನೆಟ್ಟಗಾಯಿತು. ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಗಂಡಸರು ಹೊಳೆಯಲ್ಲಿ ಮಿಂದು ಬಂದರು. ಸುಡುವ ಬಿಸಿಲಲ್ಲಿ, ಒದ್ದೆ ಧೋತರದಲ್ಲಿ, ಬಾಗಿಲ ಮುಂದೆ ಸಾಲಾಗಿ ನಿಂತರು.

"ಕಾಲಿಗೆ ನೀರ ತರ್ರೆವಾ ಯಾರರೆ," ಎಂದು ಕಾಕಾಸಾಹೇಬರು ಕೂಗಿದರು. ಯಾರೂ ಬರಲಿಲ್ಲ. ಬಗ್ಗಿ ಒಳಗೆ ನೋಡಿದರು. ಮೇಜಿನ ಸುತ್ತ ಹೆಂಗಸರು ಉಸಿರು ಹಿಡಿದು ನಿಂತಿದ್ದರು. ನಡುವೆ ಕೂತಿದ್ದ ಉಜ್ವಲಾ ಕೊಳವೆಯಿಂದ ಕಣ್ಣು ತೆಗೆಯದೆ ಬಲಗೈಯನ್ನು ಬಾಗಿಲ ಕಡೆಗೆ ಎತ್ತಿದರು. ತಡೆಯಿರಿ ಎನ್ನುತ್ತಿದ್ದಾಳೆಂದುಕೊಂಡು ಅವರು ಹೊಸ್ತಿಲಾಚೆಯೇ ನಿಂತರು. ಎತ್ತಿದ ಕೈಯಲ್ಲಿ ನಾಲ್ಕು ಬೆರಳು ಬಿಚ್ಚಿದ್ದವು. ಅಂಗೈಗೆ ಮಡಚಿಕೊಂಡಿದ್ದ ಹೆಬ್ಬೆರಳು ಮೆಲ್ಲಗೆ ಅಲುಗಿತು. ತುಸು ತಡೆದು, ತೆರೆಯತೊಡಗಿತು.