ಕೋಟುಗಳ ಹಿಂದಿನ ಗೋಡೆ

ದರ್ಜಿಯ ಬಾಡಿಗೆ ಮನೆಯಲ್ಲಿ ಒಂದು ಗೋಡೆ ವರ್ಷವಿಡೀ ಒದ್ದೆ. ಎಷ್ಟು ಸಲ ಸುಣ್ಣ ಬಳಿದರೂ ಉದುರಿ, ಕಪ್ಪು ಬೂಷ್ಟು ಮತ್ತೆ ಮೂಡುತ್ತಿತ್ತು. ಆ ಗೋಡೆಗೇ ತಲೆಯಿಟ್ಟು ಮಲಗುವ ಮಗಳಿಗೆ ಕೆಮ್ಮು ಬಿಡುತ್ತಲೇ ಇರಲಿಲ್ಲ. ಉಸಿರೆಳೆದರೆ ಎದೆ ಗೊರಗೊರ ಎನ್ನುತ್ತಿತ್ತು. ಮನೆ ಒಣಗದೆ ಬರೀ ಔಷಧಿಯಿಂದ ವಾಸಿಯಾಗದು ಎಂದು ಡಾಕ್ಟರು ಹೇಳಿಯಾಗಿತ್ತು.

ಆದರೂ ಮಾಲೀಕರು ಬರುತ್ತಾರೆಂದರೆ ಸಾಕು, ದರ್ಜಿ ಹೊಲಿದಿಟ್ಟ ಕೋಟುಗಳನ್ನೆಲ್ಲ ಆ ಗೋಡೆಗೆ ಸಾಲಾಗಿ ನೇತುಹಾಕುತ್ತಿದ್ದ. ಹಾಳು ಮಾಡಿದ್ದು ನೀವೇ, ಖಾಲಿ ಮಾಡಿ ಎಂದುಬಿಟ್ಟರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಪಕ್ಕದ ಮನೆಯ ಬಡಗಿ ತನ್ನ ಗೋಡೆಗೆ ಕಪಾಟು ಅಡ್ಡ ಇಡುತ್ತಿದ್ದ. ಇಡೀ ವಠಾರದ್ದೇ ಈ ಕಥೆ, ಆದರೆ ಒಬ್ಬರ ಗೋಡೆ ಇನ್ನೊಬ್ಬರು ನೋಡಿರಲಿಲ್ಲ.

ಒಂದು ದಿನ ಬರಲಿದ್ದವರು ಮಾಲೀಕರಲ್ಲ, ನಗರಸಭೆಯ ತಪಾಸಣೆಯವರು. ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು, ದೂರು ಕೊಟ್ಟರೆಂದು ಯಾರನ್ನೂ ಎಬ್ಬಿಸುವಂತಿಲ್ಲ ಎಂಬ ನಿಯಮ ಹೊಸದಾಗಿ ಬಂದಿತ್ತು. ಅದಕ್ಕಾಗಿ ಬಾಡಿಗೆದಾರರ ಸಂಘದ ಜೊತೆ ಬೀದಿ ಬೀದಿ ಅಲೆದವಳು ದರ್ಜಿಯ ನಾದಿನಿ, ಬಸ್ ಕಂಡಕ್ಟರ್. ಅದೇ ವಠಾರದ ಮಹಡಿಯಲ್ಲಿದ್ದ ಅವಳು ಬೆಳಿಗ್ಗೆ ಇಳಿದು ಬಂದು ನೋಡಿದರೆ ಭಾವನ ಕೋಟುಗಳು ಹಿಂದಿನ ಸಂಜೆಯೇ ಗೋಡೆ ಏರಿವೆ.

"ಏನು ಭಾವ, ಗೋಡೆಗೂ ಚಳಿಯಾ?"

ನಿಯಮ ಕಾಗದದ ಮೇಲಿರುತ್ತದೆ, ಮನೆ ಮಾಲೀಕರ ಕೈಯಲ್ಲಿರುತ್ತದೆ ಎಂದ ದರ್ಜಿ. ಒಬ್ಬರೇ ಬಾಯಿಬಿಟ್ಟರೆ ಅಷ್ಟೇ, ಎಲ್ಲರೂ ಒಟ್ಟಿಗೆ ತೋರಿಸಿದರೆ ಯಾರನ್ನು ಎಬ್ಬಿಸುತ್ತಾರೆ ಎಂದು ಅವಳು ಕೇಳಿದಳು. ಎಲ್ಲ ಮನೆಗಳ ಗೋಡೆಯೊಳಗೂ ಹಾದುಹೋದ ಪೈಪು ಒಡೆದಿದೆ, ತಪ್ಪು ನಿಮ್ಮದಲ್ಲ ಎಂದೂ ಬಿಡಿಸಿ ಹೇಳಿದಳು. ದರ್ಜಿ ಕೋಟುಗಳ ಸಾಲನ್ನೇ ಸರಿಮಾಡತೊಡಗಿದ.

ಅವಳು ಒಂದು ಕೋಟನ್ನು ತಿರುಗಿಸಿ ಅವನ ಕೈಗಿಟ್ಟಳು. ಬೆನ್ನಿನ ಬಟ್ಟೆ ತಣ್ಣಗೆ ಒದ್ದೆಯಾಗಿತ್ತು.

"ಒಂದು ರಾತ್ರಿಗೆ ಕೋಟು ಹೀಗಾಯ್ತು. ದಿನಾ ಇಲ್ಲೇ ಮಲಗೋ ಮಗು ಎದೆ ಹೇಗಿರಬೇಡ, ಹೇಳಿ."

ದರ್ಜಿ ಆ ಕೋಟನ್ನು ಬದಿಗಿಟ್ಟ. ಉಳಿದವನ್ನೂ ಒಂದೊಂದಾಗಿ ಇಳಿಸಿದ. ಆಮೇಲೆ ತಾನೇ ಹೋಗಿ ಬಡಗಿಯ ಕಪಾಟು ಸರಿಸಲೂ ಕೈಜೋಡಿಸಿದ. ಮಿಕ್ಕ ಮನೆಯವರೂ ಒಬ್ಬೊಬ್ಬರಾಗಿ ತಮ್ಮ ಗೋಡೆ ತೆರೆದಿಟ್ಟರು.

ತಪಾಸಣೆಯವರು ಎಲ್ಲ ಗೋಡೆಗಳನ್ನೂ ಮುಟ್ಟಿ ನೋಡಿದರು. ಮಾಲೀಕರು ಮುಖ ಗಂಟು ಹಾಕಿಕೊಂಡೇ ಪೈಪು ಬದಲಾಯಿಸಿದರು. ಯಾರೂ ಮನೆ ಬಿಡಬೇಕಾಗಲಿಲ್ಲ. ಮಗಳ ಕೆಮ್ಮು ಇಳಿದಿದೆ. ದರ್ಜಿ ಈಗಲೂ ಹಾಸಿಗೆ ಹಾಸುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡುತ್ತಾನೆ.

ನಿಮ್ಮ ಮನೆಯಲ್ಲೂ ಇಂಥದೊಂದು ಗೋಡೆ ಇದ್ದೀತು. ಮುಚ್ಚಬೇಡಿ. ಪಕ್ಕದ ಮನೆಯವರಿಗೆ ತೋರಿಸಿ, ಅವರದನ್ನೂ ನೋಡಿ, ಒಟ್ಟಾಗಿ ಕೇಳಿ. ನಿಮ್ಮೂರಲ್ಲಿ ಇಂಥ ನಿಯಮವೇ ಇಲ್ಲವೆಂದರೆ, ಮತ ಕೇಳಲು ಬಂದವರನ್ನು ಬಾಗಿಲಿಂದಲೇ ಕಳಿಸಬೇಡಿ. ಒಳಗೆ ಕರೆದು ಆ ಗೋಡೆ ಮುಟ್ಟಿಸಿ, ಮಿಕ್ಕ ಮಾತು ಆಮೇಲೆ.