ಕುರ್ಚಿಯವರು ಓದದೆ ಬಿಟ್ಟದ್ದು

ಕತ್ತರಿಯಪ್ಪನ ಅಂಗಡಿಯಲ್ಲಿ ಕ್ಷೌರಕ್ಕೆ ಕೂತವರಿಗೆ ಒಂದು ಹೆಚ್ಚುವರಿ ಕೆಲಸವಿತ್ತು. ಅವನ ಫೋನಿಗೆ ಬಂದ ಸಂದೇಶಗಳನ್ನು ಓದಿ ಹೇಳುವುದು. ಅವನಿಗೆ ಅಕ್ಷರವೆಂದರೆ ಕಾಗೆ ಕಾಲು, ಗುಬ್ಬಿ ಕಾಲು. ಆದರೆ ಅದನ್ನು ಬಾಯಿಬಿಟ್ಟು ಒಪ್ಪುವ ಆಸಾಮಿಯಲ್ಲ. "ಕನ್ನಡಕ ಮನೇಲೇ ಬಿಟ್ಟುಬಂದೆ, ಸ್ವಲ್ಪ ನೋಡಿ ಹೇಳಿ" ಎಂದು ಫೋನನ್ನು ಗಿರಾಕಿಯ ಕೈಗೆ ತುರುಕುತ್ತಿದ್ದ. ಅಂಗಡಿ ಇಟ್ಟಂದಿನಿಂದ ಆ ಕನ್ನಡಕ ಮನೆಯಲ್ಲೇ ಇತ್ತು, ಅದನ್ನು ಕಂಡವರು ಯಾರೂ ಇಲ್ಲ. ಕೇಳಿದವರೂ ಇಲ್ಲ ಅನ್ನಿ. ಕುತ್ತಿಗೆಗೆ ಕತ್ತಿ ಹಿಡಿದು ನಿಂತವನ ಹತ್ತಿರ ಅಂಥದ್ದನ್ನೆಲ್ಲ ಯಾರು ಕೇಳುತ್ತಾರೆ?

ಬರುವ ಸಂದೇಶಗಳಲ್ಲಿ ಅವನು ನಿಜವಾಗಿ ಕಾಯುತ್ತಿದ್ದದ್ದು ಮಗಳದಕ್ಕೆ ಮಾತ್ರ. ತಾಯಿಯಿಲ್ಲದ ಹುಡುಗಿ. ಮನೆಯಲ್ಲಿ ಅತ್ತೆಯ, ಅಂದರೆ ಕತ್ತರಿಯಪ್ಪನ ಅಕ್ಕನ, ಮಡಿಲಲ್ಲಿ, ಅಂಗಡಿಯಲ್ಲಿ ಎರಡನೇ ಕುರ್ಚಿಯಲ್ಲಿ ಬೆಳೆದವಳು. ಆ ಕುರ್ಚಿಯಲ್ಲಿ ಕೂತೇ ಶಾಲೆಯ ಪಾಠ ಬರೆದಳು, ಅಪ್ಪನಿಗೆ ಬಂದ ಕಾಗದ ಓದಿ ಹೇಳಿದಳು. ಅವಳು ಓದಿ, ಮೇಜಿನ ಹಿಂದೆ ಕೂತು ಪೆನ್ನು ಹಿಡಿಯುವ ಕೆಲಸಕ್ಕೆ ಸೇರಬೇಕೆಂದು ಅಪ್ಪನ ಆಸೆ. ಅವಳೋ ಕಾಲೇಜಿನ ಕೊನೆಯ ವರ್ಷ ಬಿಟ್ಟು, ದೂರದ ಊರಿನ ದೊಡ್ಡ ಸಲೂನಿಗೆ ಕ್ಷೌರ ಕಲಿಯಲು ಹೊರಟುನಿಂತಳು. ಕತ್ತರಿಯಪ್ಪನ ಪಿತ್ತ ನೆತ್ತಿಗೇರಿತು. "ನಾನು ಕತ್ತರಿ ಹಿಡಿದದ್ದೇ ನೀನು ಹಿಡೀಬಾರದು ಅಂತ. ಹೋಗ್ತೀಯಾ? ಹೋಗು. ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳಬಾರದು" ಅಂದುಬಿಟ್ಟ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರ ಹಣೆಬರಹ ಇದು. ಅಂದದ್ದು ಅರ್ಧ ನಿಮಿಷ, ಅನುಭವಿಸುವುದು ಎಂಟು ತಿಂಗಳು.

ಮಗಳು ಹಟದಲ್ಲಿ ಅಪ್ಪನ ಮಗಳೇ. ದನಿ ಬೀಳಬಾರದು ಅಂದನಲ್ಲ, ಬೀಳಿಸಲಿಲ್ಲ. ಒಂದು ದಿನವೂ ಫೋನು ಮಾಡಲಿಲ್ಲ, ಬರೀ ಬರೆದಳು. ಇತ್ತ ಕತ್ತರಿಯಪ್ಪ ಮನೆಯಲ್ಲಿ ಅವಳ ಹೆಸರೆತ್ತಕೂಡದೆಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದ್ದ. ಅಕ್ಕನಿಗೆ ಓದಲು ಬರುತ್ತಿತ್ತು, ಆದರೆ ಅವಳ ಕೈಗೆ ಫೋನು ಕೊಟ್ಟರೆ ಮರ್ಯಾದೆ ಏನಾದೀತು? ಹಾಗಾಗಿ ಅಂಗಡಿಗೆ ಬಂದಮೇಲೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋನು ಕಾಯುತ್ತಿದ್ದ. ಮಗಳ ಪಟ ಮೇಲೆ ಬಂತೋ, ಕುರ್ಚಿಯಲ್ಲಿದ್ದವರ ಕೈಗೆ ಫೋನು.

"ಚೆನ್ನಾಗಿದ್ದಾಳಂತೆ" ಅನ್ನುತ್ತಿದ್ದರು. "ಊಟ ಆಯ್ತಾ ಅಂತ ಕೇಳಿದ್ದಾಳೆ." "ಅಲ್ಲಿ ಚಳಿಯಂತೆ." ಉತ್ತರ ಹಾಕೋಣವಾ ಎಂದು ಕೇಳಿದರೆ, "ನೋಡಿದ್ದು ಅವಳಿಗೆ ಗೊತ್ತಾಗುತ್ತಲ್ಲ, ಸಾಕು" ಎಂದು ಬಿಗುಮಾನ ಬೇರೆ. ಒಳಗೆ ಮಾತ್ರ ಒಂದೇ ಕೊರಗು. ಎಂಟು ತಿಂಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಅಪ್ಪಾ ನೆನಪಾಗ್ತೀಯ ಅಂತಲೋ ಬರ್ತೀನಿ ಅಂತಲೋ ಬರೆದಿಲ್ಲವಲ್ಲ. ಎರಡನೇ ಕುರ್ಚಿಯ ಮೇಲೆ ಅವನು ಒಗೆದ ಟವೆಲುಗಳನ್ನೂ ಹಳೇ ಪೇಪರುಗಳನ್ನೂ ಪೇರಿಸುತ್ತ ಹೋದ. ಖಾಲಿ ಕುರ್ಚಿ ನೋಡುವುದು ಅವನಿಂದ ಆಗುತ್ತಿರಲಿಲ್ಲ.

ಒಂದು ಭಾನುವಾರ ಅಂಗಡಿ ತುಂಬಿತ್ತು. ಬೆಂಚಿನ ಮೇಲೆ ಮೇಷ್ಟ್ರು, ಬಸ್ಸಿನ ಡ್ರೈವರು, ಎದುರುಮನೆಯ ದರ್ಜಿ. ಕುರ್ಚಿಯಲ್ಲಿ ಮೂಲೆಯಂಗಡಿಯ ಫೋನು ರಿಪೇರಿಯವನು, ಕೆನ್ನೆ ತುಂಬ ನೊರೆ. ಬ್ಯಾಂಕಿನದೋ ಎಂಥದ್ದೋ ಸಂದೇಶ ಬಂತೆಂದು ಅವನ ಕೈಗೆ ಫೋನು ಕೊಟ್ಟು ಕತ್ತರಿಯಪ್ಪ ಕತ್ತಿ ಆಡಿಸತೊಡಗಿದ. ರಿಪೇರಿಯವನು ಓದಲು ಬಾಯಿ ತೆರೆದ, ಗದ್ದ ಅಲ್ಲಾಡಿತು, ರಕ್ತ ಬಂತು.

"ಅಲ್ಲಾಡಬೇಡ ಅಂತ ಹೇಳಿಲ್ವಾ?" ಎಂದ ಕತ್ತರಿಯಪ್ಪ, ಗಾಯಕ್ಕೆ ಪಟಿಕದ ಕಲ್ಲು ಒತ್ತುತ್ತ.

"ಓದು ಅಂತೀಯ, ಅಲ್ಲಾಡಬೇಡ ಅಂತೀಯ. ನಾನೇನು ಹೊಟ್ಟೆಯಿಂದ ಓದ್ಲಾ?" ಎಂದ ರಿಪೇರಿಯವನು. "ಇರು. ಈ ಫೋನಿಗೇ ಬಾಯಿ ಇದೆ, ನೀನು ಅದನ್ನ ಇಷ್ಟು ದಿನ ಮುಚ್ಚಿಟ್ಟಿದ್ದೀಯ." ನೊರೆ ಮೆತ್ತಿದ ಮುಖದಲ್ಲೇ ಏನೇನೋ ಒತ್ತಿ ತಿದ್ದಿ, "ನಿಂಗೆ ಬೇಕಾದವರ ಪಟದ ಮೇಲೆ ಬೆರಳಿಡು. ಆಮೇಲೆ ಈ ಗುಂಡಿ ಒತ್ತಿ, ಓದು ಅನ್ನು. ಅದೇ ಓದುತ್ತೆ" ಎಂದ.

ಕತ್ತರಿಯಪ್ಪನಿಗೆ ನಂಬಿಕೆ ಬರಲಿಲ್ಲ. ಆದರೂ ಬೆರಳು ತಾನಾಗಿ ಮಗಳ ಪಟದ ಮೇಲೆ ಹೋಯಿತು. ಗುಂಡಿ ಒತ್ತಿ, ಗಿರಾಕಿಗಳ ಮುಂದೆ ನಾಚಿಕೆಪಟ್ಟುಕೊಂಡೇ "ಓದಮ್ಮಾ" ಎಂದ. ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು.

ಫೋನಿನೊಳಗಿನ ಹೆಣ್ಣುದನಿ ನಗಲೂ ಇಲ್ಲ, ನಾಚಲೂ ಇಲ್ಲ. ಪಾಠ ಒಪ್ಪಿಸುವ ಹಾಗೆ ಒಂದೇ ಶ್ರುತಿಯಲ್ಲಿ ಶುರುಮಾಡಿತು. "ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಅಪ್ಪಾ, ಇದನ್ನು ಕುರ್ಚಿಯಲ್ಲಿ ಕೂತವರ ಕೈಲಿ ಓದಿಸಬೇಡ. ಅತ್ತೆಯ ಕೈಲಿ ಓದಿಸು."

ನಗು ನಿಂತಿತು. ರಿಪೇರಿಯವನು ಚಕ್ಕನೆ ಕೈ ಚಾಚಿ ಅದರ ಬಾಯಿ ಮುಚ್ಚಿಸಿದ.

ಕತ್ತರಿಯಪ್ಪ ನಿಧಾನವಾಗಿ ಬೆಂಚಿನ ಕಡೆ ತಿರುಗಿದ. "ಮೇಷ್ಟ್ರೇ, ಸೋಮವಾರ ಬಂದದ್ದನ್ನ ಓದಿದ್ದು ನೀವಲ್ವಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ನಾನೇ. ಮೊದಲನೇ ಸಾಲಲ್ಲೇ ಓದಿಸಬೇಡ ಅಂತ ಇತ್ತಲ್ಲಪ್ಪ. ಇನ್ನೊಬ್ಬರ ಮನೆ ವಿಷಯ ಹೇಗೆ ಓದೋದು? ಅಲ್ಲಿಗೇ ನಿಲ್ಲಿಸಿಬಿಟ್ಟೆ."

"ಮತ್ತೆ ಚೆನ್ನಾಗಿದ್ದಾಳಂತೆ ಅಂದ್ರಿ?"

"ಅಷ್ಟುದ್ದ ಬರೀಬೇಕಾದ್ರೆ ಚೆನ್ನಾಗೇ ಇರಬೇಕು ಅಂದ್ಕೊಂಡೆ."

"ನಂಗೂ ಒಂದು ಸಲ ಹಾಗೇ ಆಯ್ತು," ಎಂದ ಡ್ರೈವರು, ನೆಲ ನೋಡುತ್ತ. "ಅಲ್ಲಿ ಚಳಿ ಅಂದಿದ್ದು ನಾನೇ. ಅದು ಕಾಲ ನೋಡಿ ಹೇಳಿದ್ದು."

"ಊಟ ಆಯ್ತಾ ಅಂದದ್ದು ನಾನು," ಎಂದ ದರ್ಜಿ.

ಒಬ್ಬರಲ್ಲ, ಮೂವರು. ಕದ್ದು ಓದಲಿಲ್ಲ, ಇನ್ನೊಬ್ಬರಿಗೆ ಸಾರಲಿಲ್ಲ, ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ನಯವಾಗಿ ಜಾರಿಕೊಂಡಿದ್ದರು. ಇಷ್ಟು ಒಳ್ಳೆಯ ಜನ ಸೇರಿ ಇಷ್ಟು ದೊಡ್ಡ ಅನಾಹುತ ಮಾಡಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಕತ್ತರಿಯಪ್ಪನಿಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಕನ್ನಡಕದ ಸುಳ್ಳು ಹೇಳಿದವನು ತಾನೇ ತಾನೆ?

"ಏಳಿ ಎಲ್ಲರೂ," ಎಂದ ರಿಪೇರಿಯವನು. "ಇದು ನಾವು ಕೇಳೋದಲ್ಲ."

ಎಲ್ಲರೂ ಎದ್ದು ಹೊರಗೆ ಹೋಗಿ ನಿಂತರು. ರಿಪೇರಿಯವನ ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ, ಕುತ್ತಿಗೆಗೆ ಬಿಳಿ ಬಟ್ಟೆ. ದಾರಿಹೋಕರೊಬ್ಬರು ಏನಾಯಿತೆಂದು ವಿಚಾರಿಸಿದರು. "ಒಳಗೆ ಓದ್ತಾ ಇದ್ದಾರೆ" ಎಂದರು ಮೇಷ್ಟ್ರು ಗಂಭೀರವಾಗಿ, ಮತ್ತು ಬಾಗಿಲು ಎಳೆದುಕೊಂಡರು.

ಒಳಗೆ ಕತ್ತರಿಯಪ್ಪ ಗುಂಡಿ ಒತ್ತಿದ. ಈ ಸಲ ನಾಚದೆ "ಓದಮ್ಮಾ" ಎಂದ.

"ನನ್ನ ಕಲಿಕೆ ಮುಗಿಯಿತು," ಎಂದಿತು ದನಿ. "ಇಲ್ಲಿಯ ಯಜಮಾನಿ ಇನ್ನೂ ದೂರದ ಊರಿನಲ್ಲಿ ಅಂಗಡಿ ತೆರೆಯುತ್ತಿದ್ದಾರೆ. ಮೂರು ವರ್ಷ ಅಲ್ಲಿರಬೇಕಂತೆ. ನನಗೆ ಮನಸ್ಸಿಲ್ಲ. ನಿನ್ನ ಎರಡನೇ ಕುರ್ಚಿ ಇನ್ನೂ ಖಾಲಿ ಇದ್ದರೆ ಹೇಳು, ಬರುತ್ತೇನೆ. ನಿನ್ನ ಮೇಲಿನ ಹಟಕ್ಕೆ ನಾನು ಕತ್ತರಿ ಹಿಡಿಯಲಿಲ್ಲ ಅಪ್ಪಾ. ಸಣ್ಣವಳಿದ್ದಾಗಿನಿಂದ ನಿನ್ನ ಕೈ ನೋಡಿ ನೋಡಿ ಆಸೆಯಾಗಿತ್ತು. ಮುಂಚೆ ಎರಡು ಸಲ ಹೀಗೇ ಬರೆದೆ. ನೀನು ನೋಡಿದೆ, ಉತ್ತರ ಕೊಡಲಿಲ್ಲ. ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಕಾಯುತ್ತೇನೆ. ಆಮೇಲೆ ಅವರಿಗೆ ಹೂಂ ಅಂದುಬಿಡುತ್ತೇನೆ. ಅಳುವ ಮುಖ. ಅಳುವ ಮುಖ."

ಮಗಳು ಕೊನೆಗೆ ಚಿತ್ರದಲ್ಲಿ ಹಾಕಿದ್ದ ಅಳುವ ಮುಖಗಳನ್ನೂ ಅದು ಬಸ್ಸಿನ ಹೊತ್ತು ಹೇಳುವ ಹಾಗೆಯೇ ಹೇಳಿತು. ಕತ್ತರಿಯಪ್ಪ ಕನ್ನಡಿಯಲ್ಲಿ ನೋಡಿದರೆ, ಅಲ್ಲಿ ಇನ್ನೊಂದಿತ್ತು.

ಅವನು ಗೋಡೆಯ ಗಡಿಯಾರ ನೋಡಿದ. ಅಂಕಿ ಅವನಿಗೆ ಬರುತ್ತಿತ್ತು. ಹನ್ನೆರಡಕ್ಕೆ ಹತ್ತು ನಿಮಿಷ. ಬರೆಸೋಣವೆಂದರೆ ಈ ಯಂತ್ರದ ಹತ್ತಿರ ಹೇಗೆ ಬರೆಸುವುದೋ ಗೊತ್ತಿಲ್ಲ, ಮೇಷ್ಟ್ರನ್ನು ಕರೆಯೋಣವೆಂದರೆ ಮತ್ತೆ ಇನ್ನೊಬ್ಬರ ಬಾಯಿ. ಸಾಕಾಗಿತ್ತು ಅವನಿಗೆ. ಪಟದ ಪಕ್ಕದ ಹಸಿರು ಗುರುತನ್ನು ಒತ್ತಿ ಫೋನು ಕಿವಿಗಿಟ್ಟುಕೊಂಡ.

ಒಂದು ಸಲ ರಿಂಗಾಯಿತು, ಎರಡು ಸಲ ಆಯಿತು. ಐದನೆಯದಕ್ಕೆ ಆ ಕಡೆ ಎತ್ತಿದರು. ಯಾರೂ ಮಾತಾಡಲಿಲ್ಲ. ಹಿಂದೆಲ್ಲೋ ಕತ್ತರಿಯ ಕಚಕಚ, ಯಾರೋ ನಗುವುದು, ನೀರು ಸುರಿಯುವುದು ಕೇಳುತ್ತಿತ್ತು.

"ನಾನು," ಎಂದ ಕತ್ತರಿಯಪ್ಪ.

ಆ ಕಡೆ ಉಸಿರು ಮಾತ್ರ.

"ಫೋನೇ ಓದ್ತು. ಈಗ ಓದಿದ್ದು, ಇವತ್ತು. ಮುಂಚೆ ಬರೆದದ್ದು ಯಾವುದೂ ನಂಗೆ ಮುಟ್ಟೇ ಇಲ್ಲ. ಓದಿಸಬೇಡ ಅಂದ್ಯಲ್ಲ, ಅವರ್ಯಾರೂ ಓದೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದ್ರು."

ಆಗಲೂ ಮಾತಿಲ್ಲ. ಹೊರಟುಹೋದಳೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆಮೇಲೆ, ತಡವಾಗಿ, ಅವನಿಗೆ ಅರ್ಥವಾಯಿತು. ದನಿ ಬೀಳಬಾರದು ಅಂದವನು ತಾನು. ಅವಳು ಫೋನು ಎತ್ತಿಯೂ ಆ ಮಾತು ಮೀರುತ್ತಿಲ್ಲ. ಇಂಥ ಹಟ ಅವಳಿಗೆ ಎಲ್ಲಿಂದ ಬಂತೆಂದು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

"ಅವತ್ತು ಅಂದದ್ದು ತಪ್ಪಾಯ್ತು ಮಗಳೇ," ಎಂದ. ಹುಟ್ಟಿದಮೇಲೆ ಯಾರಿಗೂ ಹೇಳದಿದ್ದ ಮಾತು, ಹೇಳಿದ ಮೇಲೆ ಅಷ್ಟೇನೂ ಕಷ್ಟ ಅನ್ನಿಸಲಿಲ್ಲ. "ನಿನ್ನ ದನಿ ಕೇಳ್ಬೇಕು ನಂಗೆ. ಮಾತಾಡು."

ಆ ಕಡೆ ಯಾರೋ ಮೂಗು ಎಳೆದುಕೊಂಡ ಸದ್ದು. ಆಮೇಲೆ ಬಂತು, ಎಂಟು ತಿಂಗಳ ಮೇಲೆ ಬಂತು, ಸ್ವಲ್ಪ ಒಡೆದ, ಸ್ವಲ್ಪ ಜಬರದಸ್ತಿನ ದನಿ.

"ಎರಡನೇ ಕುರ್ಚಿ ಮೇಲೆ ಏನು ಪೇರಿಸಿದ್ದೀಯ?"

"ಟವೆಲು," ಎಂದ. "ಹಳೇ ಪೇಪರು."

"ಗೊತ್ತಿತ್ತು ನಂಗೆ. ಎಲ್ಲಾ ತೆಗೆದಿಡು. ಬುಧವಾರ ಬರ್ತೀನಿ."

ಹೊರಗಿನಿಂದ ರಿಪೇರಿಯವನು ಬಾಗಿಲು ಬಡಿದ. "ಆಯ್ತಾ? ನೊರೆ ಒಣಗಿ ಮುಖ ಬಿಗೀತಾ ಇದೆ ಮಾರಾಯ." ಕತ್ತರಿಯಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಟವೆಲುಗಳ ರಾಶಿ ಎತ್ತಿದ.

"ತೆಗೀತಾ ಇದ್ದೀನಿ," ಎಂದ, "ನೀನು ಮಾತಾಡ್ತಾ ಇರು."