ಪುಟ್ಟಪ್ಪನ ಮಧ್ಯಾಹ್ನದ ನಿದ್ದೆ

ಕಲ್ಲಪ್ಪ ಮೂರನೆಯ ಸಲ ಪುಟ್ಟಪ್ಪನ ಬಲಗೈ ಹಿಡಿದು ಬೆರಳು ಬಿಡಿಸಲು ನೋಡಿದ. ಮೂರು ಬೆರಳು ಮಾತು ಕೇಳಿದವು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಂದನ್ನೊಂದು ಕಚ್ಚಿಕೊಂಡು ಹಾಗೆಯೇ ನಿಂತಿದ್ದವು.

"ನಶ್ಯದ ಚಿಟಿಕೆ ಹಿಡ್ಕೊಂಡೇ ಹೋಗಿದಾನಲ್ಲೋ ಮಾರಾಯ," ಎಂದ.

"ಅವ್ನು ಯಾವಾಗ ನಶ್ಯ ಹಾಕ್ತಿದ್ದ?" ಎಂದು ಕೇಳಿದ ಕರಿಯಪ್ಪ, ಹಂಡೆಯಿಂದ ಬಿಸಿನೀರು ತೋಡುತ್ತ.

"ನಮಗೆ ಗೊತ್ತಿಲ್ದಂಗೆ ಹಾಕ್ತಿದ್ನೇನೋ. ಬಿಡು, ಇನ್ನು ಬೈಯೋರು ಯಾರು?"

ಇಬ್ಬರೂ ಕಾಗದದ ಕಾರ್ಖಾನೆಯಲ್ಲಿ ಪುಟ್ಟಪ್ಪನ ಜೊತೆಗೇ ದುಡಿದವರು. ಸ್ನೇಹಿತನಿಗೆ ಕೊನೆಯ ಸ್ನಾನ ನಾವೇ ಮಾಡಿಸುತ್ತೇವೆಂದು ಬೆಳಿಗ್ಗೆಯೇ ಕಾಗದನಗರದ ಆ ಮನೆಯ ಹಿತ್ತಲಿಗೆ ಬಂದಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಕರಿಬಸಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ಗಂಡನ ಬೆರಳುಗಳ ನಡುವೆ ಏನಿತ್ತೆಂದು ಅವಳಿಗೆ ಗೊತ್ತು. ನಿನ್ನೆ ಮಧ್ಯಾಹ್ನ ಟೀ ಕೊಡಲು ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಮಡಿಲಲ್ಲಿ ಮಣಿಯ ತಟ್ಟೆ, ಬೆರಳಲ್ಲಿ ಸೂಜಿ. ಭುಜ ಅಲುಗಿಸಿದಳು. ಅರ್ಥವಾಯಿತು. ಕೂಗಿಕೊಳ್ಳುವ ಮೊದಲು ಅವಳು ಸೂಜಿಯನ್ನು ಮೆಲ್ಲಗೆ ಎಳೆದುಕೊಂಡು, ತಟ್ಟೆಯನ್ನು ಮಂಚದ ಕೆಳಗಿನ ಟ್ರಂಕಿಗೆ ಸೇರಿಸಿ, ಅವನ ಕಾಲ ಮೇಲೆ ಹೊದಿಕೆ ಎಳೆದಳು. ಆಮೇಲೆ ಅಂಗಳಕ್ಕೆ ಓಡಿಬಂದು ಅತ್ತಳು.

ಗಂಡ ಸತ್ತ ಗಳಿಗೆಯಲ್ಲಿ ಮೊದಲು ಹೊಳೆದದ್ದು ಗುಟ್ಟು ಮುಚ್ಚುವುದು. ಅದನ್ನು ನೆನೆದು ರಾತ್ರಿಯೆಲ್ಲ ಅವಳಿಗೆ ನಾಚಿಕೆಯಾಗಿತ್ತು.

*

ಎಂಟು ವರ್ಷದ ಹಿಂದೆ ಮಗಳು ಇಂಪನಾ ಹೆರಿಗೆಗೆ ಬಂದಿದ್ದಳು. ಹೊತ್ತು ಹೋಗಲೆಂದು ಗಾಜಿನ ಮಣಿ, ನೈಲಾನ್ ದಾರ, ಕೂದಲಿನಂಥ ಸೂಜಿ ತರಿಸಿಕೊಂಡಿದ್ದಳು. ಮಗು ಹುಟ್ಟಿದ ಮೇಲೆ ಅವಳಿಗೆ ಹೊತ್ತೇ ಸಾಲದಾಯಿತು. ಅರ್ಧ ಪೋಣಿಸಿದ ಸರ ಕಿಟಕಿಯ ಮೇಲೆ ಉಳಿಯಿತು.

ಕೆಲಸ ಬಿಟ್ಟು ಮನೆಯಲ್ಲಿದ್ದ ಪುಟ್ಟಪ್ಪ ಒಂದು ಮಧ್ಯಾಹ್ನ ಅದನ್ನೆತ್ತಿ ಬೆಳಕಿಗೆ ಹಿಡಿದ. "ಇದ್ರಲ್ಲಿ ಏಳನೇ ಮಣಿ ದಪ್ಪ ಇದೆ," ಎಂದ.

ಕಾರ್ಖಾನೆಯಲ್ಲಿ ಅವನ ಕೆಲಸವೇ ಅದಾಗಿತ್ತು. ಕತ್ತರಿಸಿ ಬಂದ ಹಾಳೆಗಳನ್ನು ಒಂದೊಂದಾಗಿ ಮಗುಚಿ, ಕಲೆಯೋ ಸುಕ್ಕೋ ಕಂಡರೆ ಎತ್ತಿ ಹಾಕುವುದು. ಇಪ್ಪತ್ತೆಂಟು ವರ್ಷ ತಪ್ಪು ಹುಡುಕಿದ ಕಣ್ಣಿಗೆ ಮನೆಯಲ್ಲಿ ಕೆಲಸವಿರಲಿಲ್ಲ. ಉಪ್ಪಿಟ್ಟಿನಲ್ಲಿ ಕಲ್ಲು ಹುಡುಕಿ ಕರಿಬಸಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ. ಅವತ್ತು ಸರವನ್ನು ಪೂರ್ತಿ ಬಿಚ್ಚಿದ. ಮಣಿಗಳನ್ನು ಆರಿಸಿದ. ಸಂಜೆಗೆ ಮತ್ತೆ ಪೋಣಿಸಿ ಮುಗಿಸಿ, ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಂದು ಹೆಂಡತಿಗೆ ಕೊಟ್ಟ.

ಮುಂದಿನ ತಿಂಗಳು ಶಿವಮೊಗ್ಗದಲ್ಲೊಂದು ಮದುವೆ. ಕರಿಬಸಮ್ಮ ಅವನು ಹೊಸದಾಗಿ ಮಾಡಿಕೊಟ್ಟ ಐದೆಳೆಯ ಸರ ಹಾಕಿಕೊಂಡು ಹೋದಳು. ವಿದ್ಯಾನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸೀರೆ ಅಂಗಡಿ ಇಟ್ಟಿದ್ದ ಭವಾನಿ ಎಂಬಾಕೆ ಊಟದ ಮನೆಯಲ್ಲಿ ಅವಳನ್ನು ತಡೆದು ಕೇಳಿದಳು, "ಎಷ್ಟು ಚೆನ್ನಾಗಿದೆ ರೀ! ಯಾರು ಮಾಡಿದ್ದು?"

ಕರಿಬಸಮ್ಮ ಹೆಮ್ಮೆಯಿಂದ ಗಂಡನತ್ತ ತಿರುಗಿದಳು. ಅವನ ಪಕ್ಕದಲ್ಲಿ ಕಲ್ಲಪ್ಪ ಕೂತಿದ್ದ. ಪುಟ್ಟಪ್ಪ ಎಲೆಯ ಮೇಲೆ ಬಗ್ಗಿ, ಎಡಗೈಯನ್ನು ಬೇಡ ಬೇಡವೆಂದು ಅಲ್ಲಾಡಿಸುತ್ತಿದ್ದ.

"ನಾನೇ," ಎಂದುಬಿಟ್ಟಳು ಕರಿಬಸಮ್ಮ.

ಭದ್ರಾವತಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಕೇಳಿದಳು, "ನನ್ ಕೈಲಿ ಯಾಕ್ರೀ ಸುಳ್ಳು ಹೇಳಿಸಿದ್ರಿ?"

"ಕಲ್ಲಪ್ಪಂಗೆ ಗೊತ್ತಾದ್ರೆ ಸರದ ಜೊತೆ ಬಳೆನೂ ತೊಡಿಸ್ತಾನೆ ನಂಗೆ."

ಭವಾನಿ ಮೊದಲು ನಾಲ್ಕು ಸರ ಕೇಳಿದಳು. ಆಮೇಲೆ ಹಬ್ಬಕ್ಕೆ, ಮದುವೆಗೆ, ಭರತನಾಟ್ಯದ ಹುಡುಗಿಯರಿಗೆ. ಬಣ್ಣ ಆರಿಸುವುದು ಕರಿಬಸಮ್ಮ. ಸೀರೆಯ ಚೂರು ಹಿಡಿದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಣಿ ಹೊಂದಿಸಿ ತರುವುದು, ಮಾತಾಡಿ ಮಾರುವುದು ಅವಳೇ. ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಪೋಣಿಸುವುದು ಅವನು. ಇಸ್ಪೀಟಿಗೆ ಕರೆಯಲು ಕಲ್ಲಪ್ಪ ಗೇಟಿನಿಂದ ಕೂಗಿದರೆ ಅವಳು ಕಿಟಕಿಯಿಂದ, "ಮಲಗಿದಾರೆ ಕಣಣ್ಣ," ಎನ್ನುತ್ತಿದ್ದಳು. ಮಗು ದೊಡ್ಡದಾದ ಮೇಲೆ ಇಂಪನಾ ಬಿ.ಎಡ್. ಮುಗಿಸಿ ಟೀಚರಾದದ್ದು ಆ ಮಣಿಗಳಿಂದಲೇ.

ಒಮ್ಮೆ ಮಹಿಳಾ ಸಂಘದವರು ಕರಿಬಸಮ್ಮನಿಗೆ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ಒಂದು ಸರ ಪೋಣಿಸಿ ತೋರಿಸಬೇಕೆಂದರು. ಅವಳಿಗೆ ಸೂಜಿಗೆ ದಾರ ಏರಿಸಲೂ ಬಾರದು. ಪುಟ್ಟಪ್ಪ ಅವಳ ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜು ಸುತ್ತಿ ಕಳಿಸಿದ. ಪಾಪ, ಬೆರಳು ಕುಯ್ದುಕೊಂಡರೂ ಬಂದಿದ್ದಾರೆಂದು ಮುಂದಿನ ಸಾಲಿನಲ್ಲಿದ್ದ ಭವಾನಿಯೂ ಸೇರಿ ಜನ ಎರಡು ಪಟ್ಟು ಚಪ್ಪಾಳೆ ತಟ್ಟಿದರು. ಶಾಲು ಹೊದ್ದು ಬಂದವಳನ್ನು ನೋಡಿ ಅವನು ಕೆಮ್ಮು ಬರುವಷ್ಟು ನಕ್ಕ.

"ಈ ಶಾಲು ನಿಮ್ಮದು ಕಣ್ರೀ. ಎಲ್ಲೀವರೆಗೆ ನಾನು ಹೊರ್ಲಿ?" ಎಂದಳು.

"ನಿಂಗೆ ಚೆಂದ ಕಾಣುತ್ತೆ. ಇರ್ಲಿ ಬಿಡು," ಎಂದ.

*

ಹನ್ನೊಂದರ ಹೊತ್ತಿಗೆ ಭವಾನಿ ಬಂದಳು. ಜಗಲಿಯ ಬೆಂಚಿನ ಮೇಲೆ ಮಲಗಿಸಿದ್ದ ಪುಟ್ಟಪ್ಪನ ಕಾಲಿಗೆ ಹೂವಿಟ್ಟು, ಕರಿಬಸಮ್ಮನ ಪಕ್ಕ ಚಾಪೆಯ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು.

"ಈ ಬೆರಳುಗಳಿಗೆ ಸ್ವಲ್ಪ ದಿನ ರೆಸ್ಟ್ ಕೊಡಿ, ಕರಿಬಸಮ್ಮ. ಆರ್ಡರ್ ಕೊಟ್ಟವರಿಗೆಲ್ಲ ನಾನು ಹೇಳ್ಕೊಳ್ತೀನಿ. ಆದ್ರೆ ಮಾಡೋದು ಮಾತ್ರ ಬಿಡ್ಬೇಡಿ."

"ಎಲ್ಲಿ ಬಿಡ್ತಾರೆ ನಮ್ಮತ್ತಿಗೆ," ಎಂದ ಕಲ್ಲಪ್ಪ, ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತ. ಅವನ ಕಣ್ಣುಗಳು ಕೆಂಪಗಿದ್ದವು. "ಪುಣ್ಯವಂತ ನಮ್ ಪುಟ್ಟಪ್ಪ. ಹೆಂಡ್ತಿ ದುಡೀತಿದ್ರು, ಇವ್ನು ಹೊದ್ಕೊಂಡು ಮಲಗ್ತಿದ್ದ. ಎಂಟು ವರ್ಷ ಒಂದಿನನಾದ್ರೂ ಮಧ್ಯಾಹ್ನದ ಆಟಕ್ಕೆ ಬಂದ್ನಾ? ಈಗ ನೋಡು, ಎಬ್ಬಿಸೋರೂ ಇಲ್ಲ."

ಅಳುತ್ತಿದ್ದವರೂ ನಕ್ಕರು. ಪ್ರೀತಿಯ ಮಾತೇ. ಆದರೆ ಕರಿಬಸಮ್ಮನ ಎದೆಯಲ್ಲಿ ಏನೋ ಚುಚ್ಚಿತು. ಇನ್ನೊಂದು ಗಂಟೆಗೆ ಮಣ್ಣಿಗೆ ಹೋಗುವ ಮನುಷ್ಯ ಸೋಮಾರಿ ಎನಿಸಿಕೊಂಡೇ ಹೋಗುತ್ತಾನೆ.

"ಮಲಗ್ತಿರ್ಲಿಲ್ಲ," ಎಂದಳು.

"ಏನತ್ತಿಗೆ?"

"ಅವ್ರು ಮಲಗ್ತಿರ್ಲಿಲ್ಲ. ಸರ ಮಾಡ್ತಿದ್ದೋರು ಅವ್ರೇ. ಒಂದೊಂದು ಮಣೀನೂ."

ಕಲ್ಲಪ್ಪನ ಕೈಯ ಹಗ್ಗ ಸಡಿಲವಾಯಿತು. ದುಃಖಕ್ಕೆ ಏನೋ ಆಡುತ್ತಿದ್ದಾಳೆಂದುಕೊಂಡು ಭವಾನಿ ಅವಳ ಬೆನ್ನು ಸವರಿದಳು. "ನೀರು ಕುಡೀತೀರಾ?"

"ನೀರು ಬೇಡ ಮೇಡಂ. ನಿಮ್ಮ ಹತ್ರ ಎಂಟು ವರ್ಷ ಸುಳ್ಳು ಹೇಳಿದೀನಿ, ಈಗಾದ್ರೂ ಹೇಳ್ತೀನಿ ಕೇಳಿ." ಅವಳು ಮಗಳತ್ತ ತಿರುಗಿದಳು. "ಇಂಪನಾ, ಹೇಳೇ."

"ಹೌದು ಆಂಟಿ," ಎಂದಳು ಇಂಪನಾ, ಮೂಗು ಒರೆಸಿಕೊಳ್ಳುತ್ತ. "ನನ್ನ ಲಂಗದ ಗುಂಡಿ ಹಾಕಿಕೊಡ್ತಿದ್ದಿದ್ದೂ ಅಪ್ಪನೇ. ಅಮ್ಮ ಹಾಕಿದ್ರೆ ಸಂಜೆಗೆ ಕಿತ್ತು ಬರ್ತಿತ್ತು."

ಕರಿಬಸಮ್ಮ ಒಳಗೆ ಹೋಗಿ ಟ್ರಂಕಿನಿಂದ ತಟ್ಟೆ ತಂದು ಜಗಲಿಯ ಮೇಲಿಟ್ಟಳು. ನೀಲಿ ಮತ್ತು ಹೊಂಬಣ್ಣದ ಸರ, ಮುಕ್ಕಾಲು ಮುಗಿದಿತ್ತು. "ನಿನ್ನೆ ಇದು ಕೈಯಲ್ಲಿರೋವಾಗ್ಲೇ ಹೋದ್ರು. ಗಂಡಸಾಗಿ ಮಣಿ ಪೋಣಿಸ್ತಾನೆ ಅಂತ ನೀವೆಲ್ಲ ನಗ್ತೀರಿ ಅಂತ ಹೆದರಿಕೆ ಅವ್ರಿಗೆ."

ಕಲ್ಲಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಕನ್ನಡಕ ಹಾಕಿಕೊಂಡು ಸರವನ್ನು ಎತ್ತಿ, ಕಾರ್ಖಾನೆಯಲ್ಲಿ ಹಾಳೆ ನೋಡುತ್ತಿದ್ದ ಹಾಗೆ ಓರೆಯಾಗಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಾಡಿಸಿದ.

"ಒಂದು ಮಣೀನೂ ಹೆಚ್ಚುಕಮ್ಮಿ ಇಲ್ವಲ್ಲೋ ಕರಿಯಪ್ಪ," ಎಂದ ಕೊನೆಗೆ. "ಇದು ನಮ್ ಪುಟ್ಟಪ್ಪನ ಕಣ್ಣೇ."

ಆಮೇಲೆ ಬೆಂಚಿನ ಹತ್ತಿರ ಹೋಗಿ ನಿಂತ. "ಕಳ್ಳ ನನ್ಮಗನೇ," ಎಂದ. "ನನ್ ಮಗಳ ಮದ್ವೆ ಸರಾನೂ ನಿಂದೇ ಏನೋ? ಅತ್ತಿಗೆ ಮಾಡಿದ್ದು ಅಂತ ಊರೆಲ್ಲ ಹೊಗಳಿದೀನಿ, ನಿನ್ನೆದುರಿಗೇ! ಸುಮ್ನೆ ತಲೆ ಅಲ್ಲಾಡಿಸ್ತಿದ್ಯಲ್ಲೋ!" ನಗಲು ಹೋಗಿ ಅತ್ತ. ಅಳಲು ಹೋದ ಕರಿಯಪ್ಪ ನಕ್ಕ. ಭವಾನಿ ಸೆರಗು ಬಾಯಿಗೊತ್ತಿಕೊಂಡು, "ಆ ಬ್ಯಾಂಡೇಜು..." ಎಂದಳು. ಕರಿಬಸಮ್ಮ ತಲೆಯಾಡಿಸಿದ್ದೇ ತಡ, ಸಾವಿನ ಮನೆಯೆಂಬುದನ್ನೂ ಮರೆತು ಹೆಂಗಸರೆಲ್ಲ ನಕ್ಕರು. ನಿನ್ನೆಯಿಂದ ಮೊದಲ ಬಾರಿಗೆ ಕರಿಬಸಮ್ಮನಿಗೆ ಉಸಿರು ಸಲೀಸಾಗಿ ಆಡಿತು.

ಚಟ್ಟ ಎದ್ದಿತು. ಮುಂದಿನ ಬಲತುದಿಗೆ ಕಲ್ಲಪ್ಪನೇ ಹೆಗಲು ಕೊಟ್ಟ. ಬೀದಿಗಿಳಿದವನು ಎರಡೂ ಕಡೆಯ ಮನೆಗಳಿಗೆ ಕೇಳುವಂತೆ ಕೂಗಿದ, "ಮಣಿ ಸರದ ಪುಟ್ಟಪ್ಪ ಹೋಗ್ತಿದಾನೆ, ಬಂದು ನೋಡ್ರವ್ವಾ! ನೀವು ಹಾಕ್ಕೊಂಡಿರೋ ಸರ ಇವ್ನು ಪೋಣಿಸಿದ್ದು!"

ಕರಿಬಸಮ್ಮ ಗೇಟು ಹಿಡಿದು ನೋಡುತ್ತ ನಿಂತಳು. ಬಾಗಿಲುಗಳು ಒಂದೊಂದಾಗಿ ತೆರೆದವು. ಬೀದಿಯ ತಿರುವಿನ ಮನೆಯ ಹೆಂಗಸು ಅಕ್ಕಿ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಚಟ್ಟ ಅವಳ ಮುಂದೆ ಹಾದುಹೋಗುವಾಗ ಕೈಮುಗಿದಳು. ಆಮೇಲೆ ನೈಟಿಯ ಕೊರಳಿನಿಂದ ಹಸಿರು ಮಣಿಯ ಸರವನ್ನು ಹೊರಗೆಳೆದು, ಬಿಸಿಲಿಗೆ ಹಿಡಿದು, ಮೊದಲ ಸಲ ನೋಡುವವಳಂತೆ ಒಂದೊಂದೇ ಮಣಿಯನ್ನು ಬೆರಳಿನಿಂದ ಸರಿಸುತ್ತ ನಿಂತಳು.